ಹನ್ನೆರಡನೆಯ ಗಂಟು

ಗೊಳಸಂಗಿಯ ನಮ್ಮ ಮನೆಯಲ್ಲಿ ಯಾರೂ ಮೀನು ತಿಂದವರಲ್ಲ. ತಿನ್ನುವುದು ದೂರ ಉಳಿಯಿತು, ಊಟದ ಹೊತ್ತಿಗೆ ಅದರ ಹೆಸರೆತ್ತಿದರೆ ನನ್ನ ಹೆಂಡತಿ ವಿದ್ಯಾವತಿ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ನನ್ನ ಮುಖ ನೋಡುತ್ತಾಳೆ. ಅಂಥ ಮನೆಯ ಸಿದ್ದಾರೂಢ ಎಂಬ ನಾನು ಆಲಮಟ್ಟಿ ಹಿನ್ನೀರಿನ ದಂಡೆಯ ಮೀನುಗಾರರ ಸೊಸೈಟಿಗೆ ಸೆಕ್ರೆಟರಿಯಾದೆ. ಸೊಸೈಟಿಗೆ ಓದುಬರಹ ಬಲ್ಲ ಒಬ್ಬ ಮನುಷ್ಯ ಬೇಕಿತ್ತು, ನನಗೆ ನೌಕರಿ ಬೇಕಿತ್ತು. ಮೀನಿನ ವಿಚಾರ ಇಬ್ಬರಿಗೂ ಆಮೇಲೆ ಹೊಳೆಯಿತು.

ಊರವರು ಸುಮ್ಮನಿರುತ್ತಾರೆಯೇ? ಚಹಾದಂಗಡಿಯ ಮುಂದೆ ಹಾಯ್ದರೆ ಸಾಕು, "ಏನ್ರಿ ಸಿದ್ದಾರೂಢಪ್ಪ, ಇವತ್ತ ಎಷ್ಟ ಬಲಿ ಒಗದ್ರಿ?" ಎಂದು ಕೇಳುವರು. ನಾನೂ ಬಿಗುಮಾನದಿಂದ, "ನಾ ಕಾಗದದ ಮ್ಯಾಲಿನ ಮೀನ ಅಷ್ಟ ಹಿಡಿಯಾಂವ. ಕೈಲೆ ಮುಟ್ಟಂಗಿಲ್ಲ," ಎನ್ನುತ್ತಿದ್ದೆ. ದೊಡ್ಡ ಹೆಮ್ಮೆಯ ಮಾತು ಎಂದುಕೊಂಡಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಸೊಸೈಟಿ ಎಂದರೆ ಹನ್ನೊಂದು ಮನೆಗಳು. ಎಲ್ಲರೂ ಹೊಳೆಯನ್ನೇ ನಂಬಿದ ಅಂಬಿಗರು. ಅಣೆಕಟ್ಟಿನ ನೀರು ಹಳೆಯ ಊರನ್ನು ನುಂಗಿದ ಮೇಲೆ ದಿನ್ನೆಯ ಮೇಲೆ ಸರಕಾರ ಕಟ್ಟಿಕೊಟ್ಟ ಹೊಸ ಊರಿಗೆ ಬಂದವರು. ಅಧ್ಯಕ್ಷೆ ಮರೆವ್ವ. ಐವತ್ತರ ಹತ್ತಿರದ ಹೆಂಗಸು, ಸಹಿ ಮಾಡಲು ಕಲಿತದ್ದು ಅಧ್ಯಕ್ಷೆಯಾದ ಮೇಲೆ. ಆಕೆಯ ಗಂಡ ಪರಪ್ಪ ಹರಿಗೋಲಿನಲ್ಲಿ ಕೂತು ಬಲೆ ಬೀಸಿದರೆ, ಆಕೆ ಬುಟ್ಟಿ ಹೊತ್ತು ಸಿಂದಗಿಯವರೆಗೆ ಹೋಗಿ ಮಾರಿಕೊಂಡು ಬರುವಳು.

ಹಿನ್ನೀರು ತುಂಬಿದ ಮೊದಲ ವರ್ಷಗಳಲ್ಲಿ ಮೀನು ಅಂದರೆ ಮೀನು. ಆಮೇಲೆ ಆಸೆ ಬಂತು. ಯಾರು ಯಾರೋ ಬಂದು ಸೊಳ್ಳೆಪರದೆಯಂಥ ಸಣ್ಣ ಕಣ್ಣಿನ ಬಲೆ ಬೀಸಿ ಬೆರಳುದ್ದದ ಮರಿಗಳನ್ನೂ ಬಳಿದುಕೊಂಡು ಹೋದರು. ಇತ್ತ ಸಂತೆಯಲ್ಲಿ ಇನ್ನೊಂದು ಕಾಟ. ಬಾಬುಲಾಲ ಎಂಬ ವ್ಯಾಪಾರಿ ಎಲ್ಲಿಂದಲೋ ಸಾಕಿದ ಕೆರೆಯ ಮೀನನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸು ಹಾಕಿ ಲಾರಿಗಟ್ಟಲೆ ತರಿಸಿ, ಇಂಡಿ, ಸಿಂದಗಿ, ಮುದ್ದೇಬಿಹಾಳ ಎಲ್ಲ ಕಡೆ "ಆಲಮಟ್ಟಿ ಮೀನ, ಆಲಮಟ್ಟಿ ಮೀನ" ಎಂದು ಕೂಗಿಸಿ ಮಾರುತ್ತಿದ್ದ. ಹೊಳೆ ಇವರದು, ಹೆಸರು ಅವನ ಬಾಯಲ್ಲಿ.

ಸಿಂದಗಿ ಬಸ್‌ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸುವ ಸಾಬೀರಾ ಮರೆವ್ವನ ಹಳೆಯ ಗಿರಾಕಿ. ಒಂದು ದಿನ ಆಕೆ ಬುಟ್ಟಿಯನ್ನು ಇಳಿಸಲೂ ಬಿಡಲಿಲ್ಲವಂತೆ. "ಹ್ವಾದ ವಾರ ಆಲಮಟ್ಟಿದು ಅಂತ ಹೇಳಿ ನಾಕ ದಿನದ ಹಳೇ ಮೀನ ಕೊಟ್ಟು ಹ್ವಾದ್ರು. ನಂದು ಗಿರಾಕಿ ತಟ್ಟಿ ಸರಿಸಿ ಎದ್ದು ಹ್ವಾದ. ಮೀನಿನ ಹಣಿ ಮ್ಯಾಲ ಊರ ಹೆಸರ ಬರದೈತೇನ ಅಕ್ಕಾ? ನಿಂದು ಯಾವುದು, ಅವಂದು ಯಾವುದು, ನಾ ಹ್ಯಾಂಗ ತಿಳೀಲಿ?" ಎಂದಳಂತೆ. ತುಂಬಿದ ಬುಟ್ಟಿಯನ್ನು ಹಾಗೆಯೇ ಹೊತ್ತುಕೊಂಡು ತಿರುಗಿ ಬಂದ ಮರೆವ್ವ ಸೀದಾ ನನ್ನ ಮೇಜಿನ ಮುಂದೆ ನಿಂತಳು.

"ಸೆಕ್ರೆಟರಿ ಸಾಹೇಬ್ರ, ನಮ್ಮ ಮೀನಿಗೆ ಒಂದು ಗುರ್ತ ಬೇಕರಿ."

ಆ ತಿಂಗಳು ಮೀನುಗಾರಿಕೆಯ ಅಧಿಕಾರಿಯೊಬ್ಬರು ಸಭೆಗೆ ಬಂದಾಗ ಒಂದು ಮಾತು ಹೇಳಿದ್ದರು. ಹೊರದೇಶಗಳಲ್ಲಿ ಮೀನಿನ ಮೇಲೆ ಚೀಟಿ ಅಂಟಿಸುತ್ತಾರೆ, ಯಾವ ನೀರಿನದು, ಮರಿಗಳನ್ನು ಬಿಟ್ಟು ಹಿಡಿದದ್ದೋ ಇಲ್ಲವೋ ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ, ಜನ ಅದನ್ನು ನೋಡಿ ಎರಡು ಕಾಸು ಹೆಚ್ಚಿಗೆ ಕೊಟ್ಟು ಒಯ್ಯುತ್ತಾರೆ ಎಂದು. ನಾನು ಉತ್ಸಾಹದಿಂದ ಬಿಜಾಪುರದ ಪ್ರೆಸ್ಸಿನಲ್ಲಿ ಬಣ್ಣದ ಚೀಟಿ ಹೊಡೆಸೋಣ ಎಂದೆ. ಮರೆವ್ವ ನಕ್ಕಳು.

"ನಿಮ್ಮ ಚೀಟಿ ನೀರಾಗ ಕರಗತೈತ್ರಿ. ಕರಗಲಿಲ್ಲಂದ್ರ ಬಾಬುಲಾಲ ಅದ ಪ್ರೆಸ್ಸಿಗೆ ಹೋಗಿ ಸಾವಿರ ಹೊಡಸ್ತಾನ. ಗಂಟು ಹೊಡಸಾಕ ಬರಂಗಿಲ್ಲ. ನಾವು ಗಂಟು ಹಾಕೂಣು."

ಅವರಲ್ಲಿ ಒಂದು ಪದ್ಧತಿ. ಬಲೆ ಹೆಣೆದು ಮುಗಿಸುವಾಗ ಕಡೆಯ ಗಂಟನ್ನು ಒಂದೊಂದು ಮನೆಯವರು ಒಂದೊಂದು ರೀತಿಯಲ್ಲಿ ಹಾಕುತ್ತಾರೆ. ಬಲೆ ಹೊಳೆಯಲ್ಲಿ ಕೊಚ್ಚಿಹೋಗಿ ಯಾವುದೋ ದಂಡೆಗೆ ಹತ್ತಿದರೂ, ಗಂಟು ನೋಡಿ ಇದು ಇಂಥವರದು ಎಂದು ತಂದುಕೊಡಬಹುದು. ಮದುವೆಯಾಗಿ ಬಂದ ಸೊಸೆಯನ್ನು ಅತ್ತೆ ಮೊದಲ ವಾರವೇ ಒಲೆಯ ಮುಂದೆ ಕೂಡ್ರಿಸಿಕೊಂಡು ಮನೆಯ ಗಂಟು ಕಲಿಸುತ್ತಾಳೆ. ಮಗನಿಗೆ ಚಿಕ್ಕಂದಿನಲ್ಲೇ ಕಲಿಸಿರುತ್ತಾರೆ. ಮಗಳಿಗೆ ಕಲಿಸುವುದಿಲ್ಲ, ಅವಳು ಮುಂದೆ ಇನ್ನೊಂದು ಮನೆಯ ಗಂಟು ಕಲಿಯಬೇಕಾದವಳು. ಬೇರೆಯವರು ನೋಡಿ ಕಲಿಯುತ್ತೇನೆಂದರೆ ಬರುವುದಿಲ್ಲ. ಸಾದಾ ಗಂಟು ಎಳೆದರೆ ಜಾರುತ್ತದೆ, ಇದು ಎಳೆದಷ್ಟೂ ಬಿಗಿಯುತ್ತದೆ.

ಹೀಗೆ ಕೆಂಪು ನೈಲಾನ್ ದಾರವನ್ನು ಮೀನಿನ ಕಿವಿರಿನಲ್ಲಿ ಪೋಣಿಸಿ ಹಿಡಿದವರ ಮನೆಯ ಗಂಟು ಹಾಕುವುದು ಎಂದು ಠರಾವಾಯಿತು. ಜೊತೆಗೆ ಕಟ್ಟುಪಾಡು. ಮುಂಗಾರಿನಲ್ಲಿ ಮೀನು ತತ್ತಿ ಇಡುವ ತಿಂಗಳುಗಳಲ್ಲಿ ಯಾರೂ ಬಲೆ ಬೀಸಬಾರದು. ಒಂದು ಮೊಳಕ್ಕಿಂತ ಗಿಡ್ಡ ಇರುವ ಮೀನು ತಿರುಗಿ ನೀರಿಗೆ. ಯಾರ ಮನೆಯ ಗಂಟು ಸುಳ್ಳಾಯಿತೋ ಅವರ ಹರಿಗೋಲು ಮುಂದಿನ ಯುಗಾದಿಯವರೆಗೆ ದಂಡೆಯ ಮೇಲೆ ಬೋರಲು.

ಯಾರ ಮೊಳ ಎಂದು ಅರ್ಧ ದಿನ ಜಗಳವಾಯಿತು. ಪರಪ್ಪನ ಕೈ ತಾಳೆಮರದಷ್ಟು ಉದ್ದ, ಅವನ ಮೊಳ ಹಿಡಿದರೆ ಹೊಳೆಯಲ್ಲಿ ಮೊಸಳೆ ಮಾತ್ರ ಪಾಸಾಗಬೇಕು ಎಂದು ಎಲ್ಲರೂ ನಕ್ಕರು. ಕೊನೆಗೆ ಮರೆವ್ವನ ಮೊಳಕ್ಕೆ ಸರಿಯಾಗಿ ಬೇವಿನ ಕೋಲೊಂದನ್ನು ಕತ್ತರಿಸಿದರು. ಅಳೆಯುವವರು ಯಾರು? ಎಲ್ಲರೂ ನನ್ನನ್ನು ನೋಡಿದರು.

"ಇವರ ತಿನ್ನಂಗಿಲ್ಲ, ಮಾರಂಗಿಲ್ಲ. ಇವರಿಗೆ ಮೀನಿನ ಮ್ಯಾಲ ಆಸೆ ಇಲ್ಲ. ಇವರಕಿಂತ ಛಲೋ ಸಾಕ್ಷಿ ಯಾರ ಸಿಗತಾರ?" ಎಂದಳು ಮರೆವ್ವ.

ಬೆಳಿಗ್ಗೆ ದಂಡೆಗೆ ಹೋಗಿ ಕೋಲನ್ನು ಕಲ್ಲಿನ ಮೇಲಿಟ್ಟು ನಿಲ್ಲುವುದು ನನ್ನ ಕೆಲಸವಾಯಿತು. ಹಿಡಿದವರು ತಮ್ಮ ಮೀನನ್ನು ಕೋಲಿನ ಪಕ್ಕಕ್ಕೆ ಹಿಡಿಯುವರು, ನಾನು ಎರಡು ಹೆಜ್ಜೆ ದೂರದಿಂದ ನೋಡಿ "ಹೂಂ" ಎನ್ನುವೆ, ಅವರು ಗಂಟು ಹಾಕುವರು. ಮೂಗಿಗೆ ಕರವಸ್ತ್ರ ಬೇರೆ. ಮನೆಗೆ ಹೋದರೆ ಹಿತ್ತಲಲ್ಲೇ ಸ್ನಾನ. ಆದರೂ ವಿದ್ಯಾವತಿ, "ಮುಟ್ಟಿಲ್ಲ ಅಂತೀರಿ, ಮತ್ತ ಅಂಗಿ ಯಾಕ ಹೊಳಿ ಕಥಿ ಹೇಳತೈತಿ?" ಎಂದು ಛೇಡಿಸುವಳು.

ಗುರುತು ನಿಂತಿತು. ಸಾಬೀರಾ ಹನ್ನೊಂದು ಮನೆಯ ಹನ್ನೊಂದು ಗಂಟುಗಳನ್ನು ಅಡುಗೆಮನೆಯ ಗೋಡೆಗೆ ಸಾಲಾಗಿ ತೂಗುಹಾಕಿಕೊಂಡಳು. ಮೀನು ಬಂದ ಕೂಡಲೇ ದಾರ ಎಳೆದು ನೋಡುವಳು, ಗೋಡೆಯ ಗಂಟಿಗೆ ಹೋಲಿಸುವಳು, ಆಮೇಲೆ ಒಳಗೆ. ಬಾಬುಲಾಲ ತಿಂಗಳೊಳಗೆ ತನ್ನ ಮೀನಿಗೂ ಕೆಂಪು ದಾರ ಕಟ್ಟಿಸಿದ. ಆಕೆ ಎಳೆದಳು, ಜಾರಿತು. "ಭಾಯ್, ಇದು ಲಾಡಿ ಗಂಟು," ಎಂದು ಅವನ ಕೈಯಲ್ಲೇ ಇಟ್ಟಳಂತೆ. ಇಂಡಿಯ ಒಬ್ಬ, ಮುದ್ದೇಬಿಹಾಳದ ಇಬ್ಬರು ಖಾನಾವಳಿಯವರೂ ಗಂಟಿನ ಮೀನೇ ಬೇಕು ಎನ್ನತೊಡಗಿದರು. ಬೆಲೆ ಏರಿತು. ಅದಕ್ಕಿಂತ ದೊಡ್ಡ ಮಾತು, ಸಣ್ಣ ಕಣ್ಣಿನ ಬಲೆ ಬಿಟ್ಟ ಎರಡನೆಯ ವರ್ಷಕ್ಕೆ ಕಟ್ಲಾ, ರವು ಮೀನುಗಳು ಮತ್ತೆ ತೋಳಿನ ಗಾತ್ರದಲ್ಲಿ ಕಾಣಿಸಿಕೊಂಡವು.

ಆ ವರ್ಷ ದೀಪಾವಳಿಗೆ ಸಾಬೀರಾ ಒಂದು ಸುದ್ದಿ ಹೇಳಿದಳು. ಸೊಲ್ಲಾಪುರದಲ್ಲಿ ಆಕೆಯ ಮೈದುನನದು ದೊಡ್ಡ ಹೋಟೆಲು. ಯುಗಾದಿಯವರೆಗೆ ಒಂದೇ ಒಂದು ದೂರು ಬರದಿದ್ದರೆ ಹನ್ನೊಂದೂ ಮನೆಯ ಮೀನನ್ನು ವರ್ಷವಿಡೀ ಅವನೇ ಕೊಳ್ಳುತ್ತಾನೆ. "ಒಂದ ಗಂಟು ಸುಳ್ಳಾತು ಅಂದ್ರ ನಾ ಹನ್ನೊಂದೂ ಕಿತ್ತಿ ಒಲಿಗೆ ಹಾಕತೇನಿ ಅಕ್ಕಾ. ನನ್ನ ಮಾತಿನ ಮ್ಯಾಲ ಅಂವ ಒಪ್ಪ್ಯಾನ," ಎಂದಿದ್ದಳು. ಅಂದಿನಿಂದ ಮರೆವ್ವನಿಗೆ ಯುಗಾದಿಯದೇ ಧ್ಯಾನ. ಮಾತೆತ್ತಿದರೆ ಇನ್ನೆಷ್ಟು ದಿನ ಎಂದು ಬೆರಳು ಮಡಚುವಳು.

ಸಂಕ್ರಾಂತಿ ಮುಗಿದು ಹತ್ತು ದಿನವಾಗಿತ್ತು. ಸೊಸೈಟಿಯ ಫೋನು ಹೊಡೆದುಕೊಂಡಿತು. ಸಾಬೀರಾ. "ಅಕ್ಕನ್ನ ಕರ್ಕೊಂಡು ಈಗ ಬರ್ರಿ," ಎಂದಷ್ಟೇ ಹೇಳಿ ಇಟ್ಟಳು.

ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ ಸಿಂದಗಿ ಮುಟ್ಟುವಾಗ ಊಟದ ಹೊತ್ತು. ಖಾನಾವಳಿಯ ಬೆಂಚಿನ ಮೇಲೆ ಬಾಬುಲಾಲ ಕಾಲ ಮೇಲೆ ಕಾಲು ಹಾಕಿ ಬಸಿಯಲ್ಲಿ ಚಹಾ ಕುಡಿಯುತ್ತಿದ್ದ. ಮದುವೆಗೆ ಬಂದ ಬೀಗರ ಹಾಗೆ ನಕ್ಕು, "ಬರ್ರಿ ಬರ್ರಿ, ಸೆಕ್ರೆಟರಿಯವರೂ ಬಂದ್ರಲ್ಲ," ಎಂದ.

ಅಡುಗೆಮನೆಯ ಕಟ್ಟೆಯ ಮೇಲೆ ಪರಾತದಲ್ಲಿ ಮೂರು ರವು ಮೀನು. ಮೂರರ ಕಿವಿರಿಗೂ ಕೆಂಪು ದಾರ. ಸಾಬೀರಾ ನಮ್ಮ ಬೇವಿನ ಕೋಲಿನ ಅಳತೆಗೇ ಕತ್ತರಿಸಿಟ್ಟುಕೊಂಡಿದ್ದ ಕೋಲನ್ನು ಮೀನಿನ ಪಕ್ಕಕ್ಕಿಟ್ಟಳು. ಮೂರೂ ಮೀನು ನಾಲ್ಕು ಬೆರಳು ಗಿಡ್ಡ. ಆಕೆ ಒಂದರ ದಾರ ಎಳೆದಳು. ಬಿಗಿಯಿತು.

"ಗಂಟು ಖರೇ ಐತಿ, ಮೀನ ಸುಳ್ಳ ಐತಿ," ಎಂದಳು. ಸಿಟ್ಟಿಗಿಂತ ನೋವೇ ಹೆಚ್ಚಿತ್ತು ದನಿಯಲ್ಲಿ. "ಅಕ್ಕಾ, ನೀನ ನೋಡು. ಸಂತ್ಯಾಗ ಸಿಕ್ಕವು ಅಂತ ಬಾಬುಲಾಲ ಮುಂಜಾನೆ ತಂದು ಕೊಟ್ಟ. ಬಾಬುಲಾಲ ಎಲ್ಲಿಂದರೆ ಈ ಗಂಟು ಕಲತಾನ, ಇದು ಅವನ ಕೆಲಸ ಅಂತ ನೀ ಅಂದ್ರ ನಾ ನಂಬತೇನಿ. ಅವನ್ನ ಹೊರಗ ಹಾಕತೇನಿ. ಸೊಲ್ಲಾಪುರಕ್ಕ ಸುದ್ದಿ ಹೋಗಂಗಿಲ್ಲ."

ಬಾಬುಲಾಲನ ಬಸಿ ಕೈಯಲ್ಲೇ ನಿಂತಿತು. ನಿಜ ಹೇಳುತ್ತೇನೆ, ನನ್ನ ಮನಸ್ಸು ಒಳಗೇ ಕೂಗುತ್ತಿತ್ತು. ಹೇಳು ಮರೆವ್ವಕ್ಕ, ಅವನದೇ ಎಂದು ಹೇಳಿಬಿಡು. ಎರಡು ವರ್ಷ ನಿಮ್ಮ ಹೆಸರು ಕದ್ದು ಉಂಡವನು, ಒಂದು ದಿನ ನಿಮ್ಮ ತಪ್ಪು ಹೊರಲಿ. ಯುಗಾದಿಗೆ ಎರಡೇ ತಿಂಗಳು.

ಮರೆವ್ವ ಗೋಡೆಯ ಹನ್ನೊಂದು ಗಂಟುಗಳ ಕಡೆ ನೋಡಲೇ ಇಲ್ಲ. ಮೀನಿನ ದಾರವನ್ನು ಹೆಬ್ಬೆರಳಿನಿಂದ ಸವರಿದಳು, ಅಷ್ಟೇ.

"ಇದು ನಮ್ಮನಿ ಗಂಟು, ಸಾಬೀರಾ. ನಮ್ಮ ಅತ್ತಿ ಒಲಿ ಮುಂದ ಕುಂದ್ರಿಸಿ ಕಲಿಸಿದ್ದು. ನಮ್ಮವ್ರು ಹಾಕ್ಯಾರ. ಬಾಬುಲಾಲಂದು ಇದರಾಗ ಏನೂ ತಪ್ಪಿಲ್ಲ."

ಬಾಬುಲಾಲನೇ ತಲೆ ತಗ್ಗಿಸಿದ. ಸಾಬೀರಾ ಕೋಲನ್ನು ಕೈಗೆತ್ತಿಕೊಂಡಳು. ಆಮೇಲೆ ಕೇಳಿದಳು. "ಹಂಗಾರ ಕೋಲು ಹ್ಯಾಂಗ ದಾಟಿ ಬಂದೂ ಇವು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರಲ್ಲ, ನನ್ನ ಕೈ ತಾನಾಗಿಯೇ ಮೂಗಿನ ಕರವಸ್ತ್ರಕ್ಕೆ ಹೋಯಿತು. ನೆನಪಾಯಿತು. ಹಿಂದಿನ ದಿನ ಪರಪ್ಪ ಮೀನು ಹಿಡಿದು ತೋರಿಸಿದಾಗ ಬಾಲ ಕೋಲಿನ ಆ ತುದಿಯಲ್ಲಿತ್ತು. ತಲೆ ಎಲ್ಲಿತ್ತು? ಅವನ ದೊಡ್ಡ ಅಂಗೈಯೊಳಗೆ. ಕೈ ಸರಿಸು ಎನ್ನಬೇಕಿತ್ತು, ಇಲ್ಲವೇ ನಾನೇ ಮೀನು ಹಿಡಿದು ನೋಡಬೇಕಿತ್ತು. ನಾನು ಎರಡು ಹೆಜ್ಜೆ ದೂರದಿಂದ "ಹೂಂ" ಅಂದಿದ್ದೆ.

"ತಪ್ಪು ನಂದು," ಎಂದೆ. "ನಾ ಮೀನ ಮುಟ್ಟಂಗಿಲ್ರಿ. ದೂರದಿಂದ ನೋಡತೇನಿ."

ಸಾಬೀರಾ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ಮುಟ್ಟಲಾರದ ಅಳದೀರಿ? ನಾ ಉಪ್ಪು ನೋಡಲಾರದ ಸಾರು ಬಡಿಸಿದ್ರ ನೀವು ಉಣ್ತೀರೇನ?"

ಆಕೆ ಗೋಡೆಯ ಗಂಟುಗಳ ಹತ್ತಿರ ಹೋದಳು. ಕಿತ್ತೇ ಬಿಡುತ್ತಾಳೆ ಎಂದುಕೊಂಡೆ. ಮರೆವ್ವ ಕೈ ಜೋಡಿಸಲಿಲ್ಲ, ಅಳಲಿಲ್ಲ, ಸೆಟೆದು ನಿಂತೇ ಇದ್ದಳು.

"ನೀ ಸುಳ್ಳ ಹೇಳಿದ್ದರ ಕಿತ್ತ ಒಗೀತಿದ್ದೆ ಅಕ್ಕಾ," ಎಂದಳು ಸಾಬೀರಾ. "ಈ ಗಂಟು ನಾ ಗುರ್ತ ಹಿಡದಿದ್ದೆ. ನಿಮ್ಮನೀದು ಅಂತ ನನಗ ಮುಂಜಾನೇನ ಗೊತ್ತಾಗೈತಿ. ಹದಿನೈದ ದಿನ ಕೊಡತೇನಿ, ಆಮ್ಯಾಲ ಸೊಲ್ಲಾಪುರಕ್ಕ ಹೂಂ ಇಲ್ಲಾ ಉಹೂಂ ಹೇಳತೇನಿ. ಆದ್ರ ಬರೇ ಹಿಡದವರ ಗಂಟು ನನಗ ಸಾಲಂಗಿಲ್ಲ. ಅಳದವರದೂ ಒಂದು ಗಂಟು ಬೇಕು. ಯಾರ ಹೂಂ ಅಂದ್ರು ಅನ್ನೂದೂ ನನಗ ಕಾಣಬೇಕು."

ಸಂಜೆ ಬಂದು ನಡೆದದ್ದನ್ನು ಹೇಳಿದಾಗ ವಿದ್ಯಾವತಿ ಬೈಯಲಿಲ್ಲ. ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ತಿರುವಿ, ಆಮೇಲೆ ಹೇಳಿದಳು. "ಮೀನ ಮುಟ್ಟಿದ್ರ ಸ್ನಾನ ಮಾಡಿದ್ರ ಹೋಗತೈತ್ರಿ. ಹನ್ನೊಂದ ಮನಿ ಅನ್ನ ಕೆಡಿಸಿದ್ದು ಯಾವ ನೀರಿಗೆ ಹೋಗತೈತಿ?"

ಅದಕ್ಕಿಂತ ಕಟುವಾದ ಮಾತು ನನಗೆ ಯಾರೂ ಆಡಿಲ್ಲ. ಆದರೆ ಮನಸ್ಸು ಗಟ್ಟಿಯಾಯಿತು.

ಮರುದಿನ ಬೆಳಿಗ್ಗೆ ದಂಡೆಯ ಮೇಲೆ ಹನ್ನೊಂದು ಮನೆಯವರೂ ಕೂಡಿದ್ದರು. ಮರೆವ್ವ ಯಾರನ್ನೂ ಕಾಯಲಿಲ್ಲ. ತಮ್ಮ ಮನೆಯ ಹರಿಗೋಲಿಗೆ ಕೈ ಹಾಕಿ ಒಬ್ಬಳೇ ಎತ್ತಿದಳು. ಪರಪ್ಪ ಓಡಿ ಬಂದು ಅದರ ಅಂಚು ಹಿಡಿದ.

"ಮನಿ ಮರ್ಯಾದಿ ಸಿಂದಗಿ ಬಜಾರದಾಗ ಚೆಲ್ಲಿ ಬಂದಿ. ಇನ್ನ ಊರ ಮುಂದ ಹರಿಗೋಲು ಬೋರಲ ಹಾಕತಿ?"

"ಮರ್ಯಾದಿ ನಾ ಚೆಲ್ಲಿಲ್ಲ. ನಿಮ್ಮ ಅಂಗೈಯಾಗ ಮುಚ್ಚಿ ಇಟ್ಟಿದ್ರಿ," ಎಂದಳು ಮರೆವ್ವ.

"ಮೂರ ಮೀನ! ಎಂಟ ದಿನ ಬಲಿ ಖಾಲಿ ಬಂದಿತ್ತು. ಸೆಕ್ರೆಟರಿಯವ್ರು ಹೂಂ ಅಂದ್ರು, ನಾ ಕಟ್ಟಿದೆ. ಅವರನ್ನ ಕೇಳು!"

ಎಲ್ಲರೂ ನನ್ನತ್ತ ತಿರುಗಿದರು. ಹಿಂದಿನಿಂದ ಗುಂಡವ್ವ ಎಂಬ ಮುದುಕಿ, "ಬೇಲಿನ ಎದ್ದು ಹೊಲ ಮೇದಂಗಾತು. ಸೆಕ್ರೆಟರಿಗೆ ಯಾವ ಹರಿಗೋಲ ಐತವ್ವಾ ಬೋರಲ ಹಾಕಾಕ?" ಎಂದಳು. ಯಾರೂ ನಗಲಿಲ್ಲ.

"ಪರಪ್ಪ ಹೇಳೂದು ಖರೇ," ಎಂದೆ. "ನಾ ಹೂಂ ಅಂದೀನಿ. ನನ್ನ ಕಡೆ ಹರಿಗೋಲಿಲ್ಲ. ಯುಗಾದಿ ತನಕ ನನ್ನ ಪಗಾರದಾಗ ಪರಪ್ಪನ ಮನಿಗೆ ಜ್ವಾಳ ಬರತೈತಿ. ಮತ್ತ ಇವತ್ತಿನಿಂದ ಪ್ರತಿ ಮೀನ ನಾ ಕೈಯಾಗ ಹಿಡದು ಅಳೀತೇನಿ."

ಮರೆವ್ವ ನನ್ನ ಮುಖ ನೋಡಿದಳು. ಪರಪ್ಪನೂ ನೋಡಿದ. ಸ್ವಲ್ಪ ಹೊತ್ತಿಗೆ ಅವನ ಕೈ ಹರಿಗೋಲಿನ ಅಂಚಿನಿಂದ ಸಡಿಲಾಯಿತು. ಮತ್ತೆ ಹಿಡಿದ, ಈ ಸಲ ಎತ್ತುವುದಕ್ಕೆ. ಗಂಡಹೆಂಡತಿ ಇಬ್ಬರೂ ಸೇರಿ ಅದನ್ನು ಬೋರಲು ಹಾಕಿ, ಮೇಲೆ ಒಂದು ಕಲ್ಲು ಹೇರಿದರು.

ಆಗತಾನೇ ಬಂದ ಬಲೆಯಿಂದ ಗುಂಡವ್ವನ ಮಗ ಒಂದು ಕಟ್ಲಾ ಬಿಡಿಸಿ ನನ್ನ ಮುಂದೆ ಹಿಡಿದ. ಕರವಸ್ತ್ರ ಜೇಬಿಗೆ ಸೇರಿಸಿದೆ. ಎರಡೂ ಕೈ ಚಾಚಿದೆ. ತಣ್ಣಗೆ, ಲೋಳೆಲೋಳೆಯಾಗಿ, ನಾನು ಎಣಿಸಿದ್ದಕ್ಕಿಂತ ಬಹಳ ಭಾರವಾಗಿತ್ತು. ಒಮ್ಮೆಲೇ ಒದೆಯಿತು. ನಾನು ಹೆದರಿ "ಯವ್ವಾ" ಎಂದು ಕಿರುಚಿದೆ. ಆಗ ದಂಡೆಯ ಮೇಲಿದ್ದ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪರಪ್ಪನೂ ನಕ್ಕ. ಆದರೆ ಕೈ ಬಿಡಲಿಲ್ಲ ನಾನು. ಕೋಲಿಗೆ ಇಟ್ಟು ನೋಡಿದೆ, ತಲೆಯಿಂದ ಬಾಲದವರೆಗೆ ಬೆರಳಾಡಿಸಿ ನೋಡಿದೆ. ಎರಡು ಬೆರಳು ಗಿಡ್ಡ.

"ಇಲ್ಲ," ಎಂದೆ. ಚಪ್ಪಲಿ ಸಹಿತ ಮೊಣಕಾಲವರೆಗೆ ನೀರಿಗಿಳಿದು ಬಿಟ್ಟೆ. ಅರೆಗಳಿಗೆ ಅದು ನನ್ನ ಕೈಯೊಳಗೇ ನಿಂತು ಉಸಿರಾಡಿತು, ಆಮೇಲೆ ಹೋಯಿತು.

ಎರಡನೆಯದು ಮೊಳ ದಾಟಿತ್ತು. ಹಿಡಿದವರ ಗಂಟು ಬಿತ್ತು. ಇನ್ನು ನನ್ನದು. ನನಗೆ ಬಲೆಯ ಗಂಟು ಎಲ್ಲಿಂದ ಬರಬೇಕು? ಬಲ್ಲದ್ದು ಒಂದೇ, ಚಿಕ್ಕಂದಿನಲ್ಲಿ ಅಪ್ಪ ಕೊಟ್ಟಿಗೆಯಲ್ಲಿ ನಿಲ್ಲಿಸಿ ಕಲಿಸಿದ ಎತ್ತಿನ ಕಣ್ಣಿಯ ಗಂಟು. ಎಂಥ ಹೋರಿ ಎಳೆದರೂ ಬಿಚ್ಚಬಾರದು, ಎಳೆದರೆ ಕೊರಳಿಗೆ ಉರುಳೂ ಆಗಬಾರದು. ಅದನ್ನೇ ಹಾಕಿದೆ. ಮೀನನ್ನು ಮೊಣಕಾಲ ಸಂದಿಯಲ್ಲಿ ಅದುಮಿ ಹಿಡಿಯದೆ ಅದು ಹಾಕಲು ಬರುವುದಿಲ್ಲ, ಧೋತರವೆಲ್ಲ ಹಸಿಯಾಯಿತು.

ಮರೆವ್ವ ದಾರ ಎಳೆದು ನೋಡಿದಳು. ಇನ್ನೊಮ್ಮೆ ಎಳೆದಳು. "ತಡೀತೈತಿ," ಎಂದಳು.

ಹದಿನೈದು ದಿನವೂ ಹಾಗೆಯೇ ನಡೆಯಿತು. ಅಳೆದ ಮೇಲೆ ತಿರುಗಿ ನೀರಿಗೆ ಹೋದ ಮೀನೇ ಹೆಚ್ಚು, ಕೆಲವು ದಿನ ಸಿಂದಗಿಗೆ ಅರ್ಧ ಬುಟ್ಟಿಯೂ ಹೋಗಲಿಲ್ಲ. ಮರೆವ್ವ ಅರ್ಧ ಬುಟ್ಟಿಯನ್ನೇ ತಲೆಯೆತ್ತಿ ಹೊತ್ತಳು. ಪರಪ್ಪ ಹರಿಗೋಲಿಲ್ಲದ ದಿನಗಳಲ್ಲಿ ನನ್ನ ಪಕ್ಕದಲ್ಲಿ ಕೂತು, ಮೀನು ಜಾರದಂತೆ ಹಿಡಿಯುವುದನ್ನು ನನಗೆ ಕಲಿಸಿದ. ಕಿವಿರಿನ ಹಿಂದೆ ಹೆಬ್ಬೆರಳು ಎಲ್ಲಿ ಊರಬೇಕೆಂದು ನಾನು ಕಲಿತದ್ದು ಅವನಿಂದಲೇ.

ಹದಿನಾರನೆಯ ದಿನ ನಾನೂ ಮರೆವ್ವನ ಜೊತೆ ಸಿಂದಗಿಗೆ ಹೋದೆ. ಸಾಬೀರಾ ಪ್ರತಿ ಮೀನಿನ ಎರಡೂ ದಾರ ಎಳೆದು ನೋಡಿದಳು, ಕೋಲಿಗೆ ಇಟ್ಟು ನೋಡಿದಳು. ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ. ಒಳಗಿನಿಂದ ಒಂದು ಸುತ್ತಿಗೆ ತಂದಳು. ಹನ್ನೊಂದು ಗಂಟುಗಳ ಪಕ್ಕದಲ್ಲಿ ಗೋಡೆಗೆ ಇನ್ನೊಂದು ಮೊಳೆ ಹೊಡೆದು ನನ್ನ ಮುಂದೆ ಕೆಂಪು ದಾರ ಹಿಡಿದಳು.

"ಹಾಕ್ರಿ ನಿಮ್ಮ ಗಂಟು."

ನಾನು ಹಾಕಿದೆ. ಆಕೆ ಅದನ್ನು ಮೊಳೆಗೆ ತೂಗುಬಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಕೈ ಒರೆಸಿಕೊಳ್ಳುತ್ತ ಸೊಲ್ಲಾಪುರಕ್ಕೆ ಫೋನು ಮಾಡಲು ಹೋದಳು. ಮರೆವ್ವ ಖಾಲಿ ಬುಟ್ಟಿಯನ್ನು ತಲೆಗೇರಿಸಿದಳು. ನನ್ನ ಎರಡೂ ಅಂಗೈಗಳಲ್ಲಿ ಮೀನಿನ ಪೊರೆ ಅಂಟಿತ್ತು. ಬಸ್ಸಿನಲ್ಲಿ ಅದನ್ನು ಯಾರಿಗೂ ಕಾಣದಂತೆ ಮುಚ್ಚಿಕೊಳ್ಳಬೇಕು ಎಂದು ನನಗೆ ಅನಿಸಲಿಲ್ಲ.